ದಿಲ್ಲಿಯಲ್ಲಿ ನೋಡಬೇಕಾದುದು

ದಿಲ್ಲಿಯನ್ನು ನೋಡಿ ಬಂದೆವೆಂದು ಹೇಳುವವರು ಈಗ ನಮ್ಮಲ್ಲಿ ಬಹಳ ಜನರಿರುವರು. ಅವರಲ್ಲಿ ಹೆಚ್ಚಿನವರ ನೋಟವು ಒಂದೇ ದಿನದ್ದು: ಬೆಳಿಗ್ಗೆ ಕುತುಬ ಮಿನಾರು, ಮಧ್ಯಾಹ್ನ ಹುಮಾಯೂನನ ಗೋರಿ, ಆಮೇಲೆ ಚಾಂದನೀ ಚೌಕದ ಜನಜಂಗುಳಿಯಲ್ಲಿ ನುಗ್ಗಿ ಹೋಗಿ ಕೆಂಪು ಕೋಟೆಯಲ್ಲಿ ಒಂದು ಗಳಿಗೆ. ರಾಜಧಾನಿಯ ಗದ್ದಲವು ಪ್ರವಾಸಿಗನನ್ನು ಒಂದೆಡೆ ನಿಲ್ಲಗೊಡುವದಿಲ್ಲವೆಂಬದನ್ನು ನಾವೂ ಬಲ್ಲೆವು. ಆದರೆ ಕೆಂಪು ಕೋಟೆಯಲ್ಲಿಯಾದರೂ ಅವನು ನಿಲ್ಲಬೇಕೆಂಬದೇ ನಮ್ಮ ಬಿನ್ನಹ.

ಶಹಾಜಹಾನನು 1639ರಲ್ಲಿ ಆರಂಭಿಸಿ 1648ರಲ್ಲಿ ಮುಗಿಸಿದ ಈ ಕೋಟೆಯನ್ನು ಹೊಕ್ಕವರು ನೇರವಾಗಿ ಅಮೃತಶಿಲೆಯ ದಿವಾನ್-ಇ-ಖಾಸದ ಕಡೆಗೆ ಧಾವಿಸುವರು. ಹೂಬಳ್ಳಿಯ ಕುಸುರಿಗೆ ಬೆರಗಾಗುವರು. ಚಿತ್ರ ತೆಗೆದುಕೊಂಡು ಮರಳುವರು. ಆ ಮಂಟಪಗಳ ನಡುವಣ ವಿಶಾಲವಾದ ಹುಲ್ಲುಬಯಲು ಏಕೆ ಬರಿದಾಗಿರುವದೆಂದು ಕೇಳುವವರು ವಿರಳ. ಆ ಬಯಲೆಲ್ಲವೂ ಉದ್ಯಾನಕ್ಕೆಂದು ಬಿಟ್ಟುದಲ್ಲ. 1857ರ ಹೋರಾಟವನ್ನು ಅಡಗಿಸಿದ ಮೇಲೆ ಆಂಗ್ಲರು ಒಳಗಿನ ಅರಮನೆಯ ಬಹುಭಾಗವನ್ನು ಕೆಡವಿಹಾಕಿದರು. ಅವರು ದಂಡಿನವರಿಗಾಗಿ ಎಬ್ಬಿಸಿದ ಒರಟು ಬರಾಕುಗಳು ಇಂದಿಗೂ ಅಲ್ಲಿ ನಿಂತಿವೆ.

1858ರಲ್ಲಿ ವೃದ್ಧ ಬಹಾದ್ದೂರಶಹನನ್ನು ಅವನ ದಿವಾನ್-ಇ-ಖಾಸದಲ್ಲಿಯೇ ಅಪರಾಧಿಯೆಂದು ವಿಚಾರಿಸಿ ರಂಗೂನಿಗೆ ಗಡೀಪಾರು ಮಾಡಿದರು; 1862ರಲ್ಲಿ ಅವನು ಅಲ್ಲಿಯೇ ತೀರಿಕೊಂಡನು. ಅವನಿಗಾಗಿ ಅಂದು ಎದ್ದು ಕೇಳುವ ದೇಶವಿರಲಿಲ್ಲ. 1945ರ ನವಂಬರದಲ್ಲಿ ಅದೇ ಕೋಟೆಯೊಳಗೆ ಆಜಾದ ಹಿಂದ ಸೇನೆಯ ಶಹನವಾಜ ಖಾನ, ಪ್ರೇಮ ಸಹಗಲ, ಗುರುಬಕ್ಷಸಿಂಗ ಧಿಲ್ಲೋನ ಇವರ ವಿಚಾರಣೆ ಮೊದಲಾಯಿತು. ಮುಸಲ್ಮಾನ, ಹಿಂದೂ, ಸಿಖ್ಖ, ಮೂವರಿಗೂ ಕಟಕಟೆ ಒಂದೇ. ತೀರ್ಪು ಗಡೀಪಾರೆಂದೇ ಬಂದಿತು. ಆದರೆ ಈ ಸಲ ದೇಶವು ಎದ್ದು ನಿಂತಿತ್ತು. 1946ರ ಜನವರಿಯಲ್ಲಿ ಅವರನ್ನು ಬಿಟ್ಟುಬಿಡಬೇಕಾಯಿತು. 1947ನೆಯ ಆಗಸ್ಟ 16ರಂದು ನೆಹರೂರವರು ಧ್ವಜವನ್ನೇರಿಸಿದ್ದು ಇದೇ ಕೋಟೆಯ ಮೇಲೆ.

2019ರಲ್ಲಿ ಕೆಲವು ಬರಾಕುಗಳನ್ನು ವಸ್ತುಸಂಗ್ರಹಾಲಯಗಳನ್ನಾಗಿ ಮಾಡಿರುವದು ಯೋಗ್ಯವೇ ಸರಿ. ಆದರೆ ಗಾಜಿನ ಪೆಟ್ಟಿಗೆಗಳನ್ನು ನೋಡಿದರೆ ಮುಗಿಯಲಿಲ್ಲ. ಹೊರಗೆ ಬಂದು ಆ ಬಯಲನ್ನೂ ನೋಡಬೇಕು. ಉಳಿದುದು ದೊರೆಗಳ ವೈಭವವನ್ನು ಹೇಳಿದರೆ, ಅಳಿದುದು ಪರಾಧೀನತೆಯ ಬೆಲೆಯನ್ನು ಹೇಳುವದು.

ಹಂಪೆಯಲ್ಲಿ ಅರಮನೆಗಳ ಬರಿಯ ತಳಪಾಯಗಳ ಮುಂದೆ ನಿಟ್ಟುಸಿರಿಟ್ಟ ಕನ್ನಡಿಗನಿಗೆ ಈ ಪಾಠವು ಹೊಸದಲ್ಲ. ಹಂಪೆಯಲ್ಲಿ ಕಲಿತುದನ್ನು ಅವನು ದಿಲ್ಲಿಯಲ್ಲಿ ಮರೆಯದಿರಲಿ. ಮಕ್ಕಳನ್ನು ಕರೆದುಕೊಂಡು ಹೋದವರು ಅಮೃತಶಿಲೆಯನ್ನು ಅಗತ್ಯವಾಗಿ ತೋರಿಸಲಿ. ತಿರುಗಿ ಬರುವಾಗ ಆ ಬಯಲಿನಲ್ಲಿ ಅವರನ್ನು ಕುಳ್ಳಿರಿಸಿಕೊಂಡು, ಇಲ್ಲಿ ಏನಿತ್ತು, ಏಕೆ ಇಲ್ಲ ಎಂಬದನ್ನೂ ತಿಳಿಸಿ ಹೇಳಲಿ.