ಗೊಂದಲವಲ್ಲದ ‘ಗೊಂದಲ’

‘ಕ್ವಾಂಟಂ ಕೇಯಾಸ್’ ಎಂಬುದಕ್ಕೆ ಕನ್ನಡದಲ್ಲಿ ಏನು ಹೇಳುವುದು? ನಿಘಂಟು ತೆರೆದರೆ ಗೊಂದಲ, ಅವ್ಯವಸ್ಥೆ ಎಂದಿರುತ್ತದೆ. ಎರಡೂ ದಾರಿ ತಪ್ಪಿಸುತ್ತವೆ. ಗೊಂದಲ ಎಂದ ಕೂಡಲೇ ನಿಯಮವೇ ಇಲ್ಲ ಎಂದು ಮಕ್ಕಳು ತಿಳಿಯುತ್ತಾರೆ. ಇಲ್ಲಿ ನಿಯಮ ಖಚಿತವಾಗಿಯೇ ಇದೆ.

ಕೇರಂ ಬೋರ್ಡಿನಿಂದ ಶುರು ಮಾಡಬಹುದು. ಖಾಲಿ ಬೋರ್ಡಿನಲ್ಲಿ ಸ್ಟ್ರೈಕರನ್ನು ಕೂದಲೆಳೆಯಷ್ಟು ಓರೆಯಾಗಿ ಹೊಡೆದರೆ ಅದರ ದಾರಿ ನಿಧಾನವಾಗಿ ಬೇರೆಯಾಗುತ್ತದೆ. ಬೋರ್ಡಿನ ಎರಡು ತುದಿ ಅರ್ಧವೃತ್ತವಾಗಿದ್ದರೆ? ಕೆಲವೇ ಬಡಿತಗಳಲ್ಲಿ ಎರಡು ದಾರಿಗಳಿಗೆ ಸಂಬಂಧವೇ ಉಳಿಯದು. ಇದು ಕೇಯಾಸ್. ಆದರೆ ಪರಮಾಣು ಲೋಕದಲ್ಲಿ ಖಚಿತ ದಾರಿಯೇ ಇಲ್ಲವಲ್ಲ! ಅಲ್ಲಿ, ಬಹಳ ಕಣಗಳು ಸೇರಿದಾಗ, ಕೇಯಾಸ್ ಅಂದರೆ ಒಂದು ಬಗೆಯ ಮರೆವು. ಮೊದಲು ಕಣಗಳು ಹೇಗಿದ್ದವು ಎಂಬ ಸುದ್ದಿ ಇಡೀ ಗುಂಪಿಗೆ ಹರಡಿಹೋಗುತ್ತದೆ. ಅಳಿಯುವುದಿಲ್ಲ, ಆದರೆ ಒಂದೆರಡು ಕಣ ನೋಡಿ ಅದನ್ನು ಹೇಳಲಾಗದು.

ಇದನ್ನು ಲೆಕ್ಕ ಹಾಕುವುದು ಕಷ್ಟ. ಎರಡೇ ಸ್ಥಿತಿಯಿರುವ 51 ಪರಮಾಣುಗಳಿಗೆ 22 ಕೋಟಿ ಕೋಟಿಗೂ ಹೆಚ್ಚು ಜೋಡಣೆಗಳಿವೆ. ಹಾಗಾಗಿ ಹಾರ್ವರ್ಡ್‌ನಲ್ಲಿ ಮಿಖಾಯಿಲ್ ಲುಕಿನ್ ಅವರ ಗುಂಪು ಲೆಕ್ಕದ ಬದಲು ಪರಮಾಣುಗಳನ್ನೇ ಕೇಳಿತು. 51 ರುಬಿಡಿಯಂ ಪರಮಾಣುಗಳನ್ನು ಲೇಸರ್ ಬೆಳಕಿನ ಚಿಮುಟಗಳಲ್ಲಿ ಹಿಡಿದು ಸಾಲಾಗಿ ನಿಲ್ಲಿಸಿತು. ಒಂದು ಉದ್ರಿಕ್ತವಾದರೆ ಪಕ್ಕದ್ದು ಆಗುವಂತಿಲ್ಲ. ಇಂಥ ಯಂತ್ರವೇ ಕ್ವಾಂಟಂ ಸಿಮ್ಯುಲೇಟರ್. ಒಂದು ಬಿಟ್ಟು ಒಂದು ಉದ್ರಿಕ್ತವಾಗಿರುವ ಜೋಡಣೆಯಿಂದ ಹೊರಟರೆ ಅದು ಬೇಗ ಮರೆಯಬೇಕಿತ್ತು. ಮರೆಯಲಿಲ್ಲ! ಜೋಡಣೆ ಅದಲುಬದಲಾಗಿ ಮತ್ತೆ ಮತ್ತೆ ಮರುಕಳಿಸಿತು. ಇದು 2017ರಲ್ಲಿ ಪ್ರಕಟವಾಯಿತು.

ಪತ್ರಿಕೆಗಳು ಇಂಥ ಸುದ್ದಿಯನ್ನು ಓಟದ ಪಂದ್ಯದಂತೆ ಬರೆಯುತ್ತವೆ: ಯಾರ ಬಳಿ ಎಷ್ಟು ಕ್ಯೂಬಿಟ್, ಸೂಪರ್ ಕಂಪ್ಯೂಟರ್ ಸೋತಿತೇ? ನಮಗೆ ಇದು ಸರಿಕಾಣುವುದಿಲ್ಲ. 2018ರಲ್ಲಿ ಈ ಬೆರಗಿಗೆ ವಿವರಣೆ ಕೊಟ್ಟ ಸಿದ್ಧಾಂತಿಗಳು ಕಡಿಮೆ ಪರಮಾಣುಗಳ ಲೆಕ್ಕವನ್ನು ಸಾಮಾನ್ಯ ಕಂಪ್ಯೂಟರಿನಲ್ಲಿಯೇ ಮಾಡಿದ್ದರು. ಅಂದರೆ ಉತ್ತರ ಲೆಕ್ಕದ ಅಳವಿನಲ್ಲೇ ಇತ್ತು, ಎಲ್ಲಿ ಹುಡುಕಬೇಕೆಂದು ತೋರಿಸಿದ್ದು ಪ್ರಯೋಗ. ಸಿಮ್ಯುಲೇಟರಿನ ಬೆಲೆ ಇರುವುದು ಇಲ್ಲಿ.

ಅವರು ಇದಕ್ಕಿಟ್ಟ ಹೆಸರು ‘ಸ್ಕಾರ್’, ಗಾಯದ ಕಲೆ. ಎರಿಕ್ ಹೆಲ್ಲರ್ 1984ರಲ್ಲೇ, ಮೇಲೆ ಹೇಳಿದ ದುಂಡುತುದಿಯ ಬೋರ್ಡಿನಲ್ಲಿನ ಒಂಟಿ ಕಣದ ಅಲೆ ಕೆಲವು ದಾರಿಗಳ ಗುಂಟ ದಟ್ಟವಾಗುವುದನ್ನು ಹೀಗೆ ಕರೆದಿದ್ದರು. (ಬರೇ ‘ಕಲೆ’ ಎಂದರೆ ಮಕ್ಕಳು ಯುವಜನೋತ್ಸವದ ಕಲೆ ಎಂದುಕೊಂಡಾರು!) 2021ರಲ್ಲಿ ಲುಕಿನ್ ಗುಂಪು ತಾಳ ಹಾಕಿದಂತೆ ಲೇಸರನ್ನು ಬದಲಿಸುತ್ತ ಈ ಮರುಕಳಿಕೆಯನ್ನು ಇನ್ನಷ್ಟು ಹೊತ್ತು ಉಳಿಸಿತು.

ಹತ್ತನೆಯ ತರಗತಿ ಮುಗಿದೊಡನೆ ನಮ್ಮ ಮಕ್ಕಳು ಇಂಗ್ಲಿಷಿಗೆ ಹೋಗುತ್ತಾರೆ. ಅದಕ್ಕೆ ಮುಂಚೆ ಇದನ್ನು ಕನ್ನಡದಲ್ಲಿ ಒಮ್ಮೆ ಕೇಳಿರಲಿ. ಶಬ್ದ ಮಾತ್ರ ಸದ್ಯಕ್ಕೆ ‘ಕೇಯಾಸ್’ ಎಂದೇ ಇರಲಿ ಎನ್ನುತ್ತೇವೆ. ಬಸ್ಸು, ಬೆಂಚು ಬಂದಂತೆ ಇದೂ ಬರಲಿ.