ಪ್ಲಾಸ್ಟಿಕ್ ಚೀಲ ಬೇಡವೆಂದವರಿಗೆ ಪ್ಲಾಸ್ಟಿಕ್ ಅಂಗಿ ಬೇಕೆ?



2022ರ ಜುಲೈ 1ರಂದು, ಒಮ್ಮೆ ಬಳಸಿ ಬಿಸಾಡುವ ಹಲವು ಬಗೆಯ ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಆ ಪಟ್ಟಿಯಲ್ಲಿ ಚಮಚ, ಲೋಟ, ಐಸ್‌ಕ್ರೀಂ ಕಡ್ಡಿಗಳ ಜೊತೆ ಪ್ಲಾಸ್ಟಿಕ್ ಬಾವುಟವೂ ಇತ್ತು. ನಮ್ಮ ರಾಜ್ಯವಂತೂ 2016ರ ಮಾರ್ಚ್‌ನಲ್ಲೇ ಚೀಲ, ಫ್ಲೆಕ್ಸು, ಬಾವುಟ ಎಲ್ಲಕ್ಕೂ ನಿಷೇಧ ಹೇರಿತ್ತು. ಸಂತೋಷ. ಆದರೆ ಅದೇ 2022ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯೋತ್ಸವಕ್ಕೆ ಮನೆಮನೆಯ ಮೇಲೆ ರಾಷ್ಟ್ರಧ್ವಜ ಏರಿದಾಗ ಪಾಲಿಯೆಸ್ಟರ್ ಬಾವುಟಗಳು ರಾಶಿರಾಶಿ ಹಾರಿದವು. ಹಿಂದಿನ ಡಿಸೆಂಬರ್ 30ರಂದೇ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಬಾವುಟಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ದಾರಿ ತೆರೆದಿತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅಧಿಕೃತ ಮಾನದಂಡದ ಪ್ರಕಾರ ಖಾದಿ ಬಾವುಟ ಹೊಲಿಯುವ ಹೆಣ್ಣುಮಕ್ಕಳು ಕೆಲಸದ ಚಿಂತೆಯಲ್ಲಿ ಬೀದಿಗಿಳಿಯಬೇಕಾಯಿತು.

ಒಂದು ಕಾನೂನು ಪ್ಲಾಸ್ಟಿಕ್ ಬಾವುಟ ಬೇಡ ಎನ್ನುತ್ತದೆ, ಇನ್ನೊಂದು ಪಾಲಿಯೆಸ್ಟರ್ ಬಾವುಟ ಆಗಬಹುದು ಎನ್ನುತ್ತದೆ. ಎರಡೂ ಒಟ್ಟಿಗೆ ನಿಲ್ಲಬೇಕಾದರೆ ಪಾಲಿಯೆಸ್ಟರ್ ಪ್ಲಾಸ್ಟಿಕ್ ಅಲ್ಲ ಎಂದಾಗಬೇಕು. ಆದರೆ ಅದು ಪ್ಲಾಸ್ಟಿಕ್ಕೇ. ನೀರಿನ ಬಾಟಲಿಗೂ ಪಾಲಿಯೆಸ್ಟರ್ ಅಂಗಿಗೂ ಮೂಲವಸ್ತು ಒಂದೇ, ಪೆಟ್ರೋಲಿಯಂನಿಂದ ಬರುವ ಪೆಟ್. ಕರಗಿಸಿ ಅಚ್ಚಿಗೆ ಊದಿದರೆ ಬಾಟಲಿ, ಸಣ್ಣ ತೂತುಗಳ ಮೂಲಕ ಎಳೆದರೆ ನೂಲು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಈ ನೂಲಿಗೆ ಪೇಟೆಂಟ್ ಪಡೆದರು. ಇಂದು ಲೋಕದಲ್ಲಿ ತಯಾರಾಗುವ ಎಲ್ಲ ಬಗೆಯ ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. 2023ರಲ್ಲಿ ಒಟ್ಟು ಸುಮಾರು 12.4 ಕೋಟಿ ಟನ್ ನಾರು ತಯಾರಾಯಿತು. ಅದರಲ್ಲಿ ಪಾಲಿಯೆಸ್ಟರಿನದು ಶೇ 57, ಹತ್ತಿಯದು ಶೇ 20ರ ಆಸುಪಾಸು.

ಹಾಗಾಗಿ ನಮ್ಮ ಮಾತು ಇಷ್ಟೇ: ಚೀಲವಾಗಿದ್ದಾಗ ಪ್ಲಾಸ್ಟಿಕ್ಕಿಗೆ ದಂಡ ಹಾಕುವ ಸರ್ಕಾರ, ಅದೇ ಪ್ಲಾಸ್ಟಿಕ್ ಬಟ್ಟೆಯಾಗಿ ಬಂದಾಗ ಕಣ್ಣು ಮುಚ್ಚಬಾರದು. ನಾವೂ ಮುಚ್ಚಬಾರದು.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ?

ಚೀಲ ಕಣ್ಣಿಗೆ ಕಾಣುತ್ತದೆ. ಚರಂಡಿಗೆ ಸಿಕ್ಕಿಕೊಳ್ಳುತ್ತದೆ, ದನದ ಹೊಟ್ಟೆ ಸೇರುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಬಟ್ಟೆಯ ಪ್ಲಾಸ್ಟಿಕ್ ಹಾಗಲ್ಲ. ಪ್ರತಿ ಒಗೆತಕ್ಕೂ ಅದು ಕೂದಲಿಗಿಂತ ಸಣ್ಣ ಎಳೆಗಳಾಗಿ ಉದುರುತ್ತದೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಅಕ್ರಿಲಿಕ್ ಎಂಬ ಸಿಂಥೆಟಿಕ್ ಬಟ್ಟೆಯನ್ನು ಆರು ಕಿಲೊದಷ್ಟು ಯಂತ್ರದಲ್ಲಿ ಒಮ್ಮೆ ಒಗೆದರೆ ಏಳು ಲಕ್ಷಕ್ಕೂ ಹೆಚ್ಚು ಎಳೆಗಳು ನೀರು ಸೇರಬಹುದು. ಸಮುದ್ರಕ್ಕೆ ನೇರವಾಗಿ ಸೇರುವ ಪ್ಲಾಸ್ಟಿಕ್ ಕಣಗಳಲ್ಲಿ ಸುಮಾರು ಶೇ 35 ಸಿಂಥೆಟಿಕ್ ಬಟ್ಟೆ ಒಗೆಯುವುದರಿಂದಲೇ ಬರುತ್ತವೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್ 2017ರಲ್ಲಿ ಅಂದಾಜು ಮಾಡಿತು. ಹತ್ತಿಯ ಎಳೆಯೂ ಉದುರುತ್ತದೆ, ಆದರೆ ಅದು ಹುಳಹುಪ್ಪಟೆಗೆ, ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಮಣ್ಣಾಗುತ್ತದೆ. ಪ್ಲಾಸ್ಟಿಕ್ ಎಳೆ ತುಂಡಾಗುತ್ತ ಹೋಗುತ್ತದೆಯೇ ಹೊರತು ಮುಗಿಯುವುದಿಲ್ಲ.

ನಮ್ಮ ತೀರ್ಥಕ್ಷೇತ್ರಗಳ ಸ್ನಾನಘಟ್ಟಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಳುಗು ಹಾಕಿ ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು ಬರುವುದು ಕೆಲವರ ಹಳೆಯ ರೂಢಿ. ಉಟ್ಟದ್ದು ಹತ್ತಿಯ ಪಂಚೆ, ನೂಲಿನ ಸೀರೆ ಆಗಿದ್ದ ಕಾಲದಲ್ಲಿ ಹೊಳೆ ಹೇಗೋ ಅದನ್ನು ಕರಗಿಸಿಕೊಂಡಿತು. ಈಗ ಕಲ್ಲು, ಬೇರುಗಳಿಗೆ ಸುತ್ತಿಕೊಂಡು ವರ್ಷಗಟ್ಟಲೆ ಕೂರುವುದು ಸಿಂಥೆಟಿಕ್ ಸೀರೆ, ಲೆಗ್ಗಿಂಗ್, ಬನಿಯನ್ನು. ಪಾಪ ಕಳೆಯಲು ಹೋದವರು ಹೊಳೆಗೆ ಪ್ಲಾಸ್ಟಿಕ್ ಸುರಿದು ಬರುತ್ತಿದ್ದಾರೆ ಎಂದು ಯಾವ ಅರ್ಚಕರಾದರೂ ಹೇಳಿಯಾರೆಂದು ಕಾಯುತ್ತಿದ್ದೇವೆ.

"ಹಾಗಾದರೆ ಹತ್ತಿ ಪರಮ ಪವಿತ್ರವೋ?"

ಅಲ್ಲ. ಸುಳ್ಳು ಹೇಳಿ ಯಾರನ್ನೂ ಒಪ್ಪಿಸುವ ಇಚ್ಛೆ ನಮಗಿಲ್ಲ. ನೀರಾವರಿ ಹತ್ತಿಗಾಗಿ ನದಿಗಳನ್ನು ತಿರುಗಿಸಿದ್ದರಿಂದ ಮಧ್ಯ ಏಷ್ಯಾದ ಅರಲ್ ಸಮುದ್ರವೇ ಬತ್ತಿಹೋಯಿತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಕೊಳಕಿನಿಂದ ತಿರುಪ್ಪೂರಿನ ನೊಯ್ಯಲ್ ನದಿ ಹಾಳಾಗಿ, 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಡೈಯಿಂಗ್ ಘಟಕಗಳಿಗೆ ಬೀಗ ಹಾಕಿಸಿತು. ಅಲ್ಲಿ ಬಣ್ಣ ಹಾಕುತ್ತಿದ್ದುದು ಹೆಚ್ಚಾಗಿ ಹತ್ತಿಗೇ. 2002ರಲ್ಲಿ ಬಂದ ಬಿಟಿ ಹತ್ತಿ ಔಷಧಿ ಖರ್ಚು ಉಳಿಸುತ್ತದೆ ಎಂದರು. ಗುಲಾಬಿ ಕಾಯಿಕೊರಕ ಅದನ್ನೂ ಜೀರ್ಣಿಸಿಕೊಂಡ ಮೇಲೆ ರೈತ ಮತ್ತೆ ಸ್ಪ್ರೇಯರ್ ಬೆನ್ನಿಗೇರಿಸಿದ.

ಆದರೆ ಈ ದೋಷಗಳೆಲ್ಲ ಬೆಳೆಯುವ ರೀತಿಯವು, ಬಣ್ಣ ಹಾಕುವ ರೀತಿಯವು. ಅವನ್ನು ತಿದ್ದಬಹುದು, ತಿದ್ದಿದವರು ನಮ್ಮಲ್ಲೇ ಇದ್ದಾರೆ. ಧಾರವಾಡ, ಗದಗ ಸೀಮೆಯ ಎರೆಹೊಲದಲ್ಲಿ ಜಯಧರ ಎಂಬ ದೇಸಿ ಹತ್ತಿ ಮಳೆಯ ತೇವವನ್ನೇ ನಂಬಿ ಬೆಳೆಯುತ್ತಿತ್ತು. ಅದಕ್ಕೆ ಕಾಲುವೆ ನೀರು ಬೇಕಿರಲಿಲ್ಲ, ರಸ ಹೀರುವ ಕೀಟಗಳ ಕಾಟವೂ ಕಡಿಮೆ. ಎಳೆ ಗಿಡ್ಡ, ದೊಡ್ಡ ಗಿರಣಿಗಳ ವೇಗಕ್ಕೆ ಒಗ್ಗುವುದಿಲ್ಲ ಎಂದು ಅದನ್ನು ಮೂಲೆಗೆ ತಳ್ಳಿದರು. ಕೈನೂಲಿಗೆ, ಕೈಮಗ್ಗಕ್ಕೆ ಅದು ಧಾರಾಳ ಸಾಕು. ಸಾಗರದ ಬಳಿ ಹೆಗ್ಗೋಡಿನ ಚರಕ ಸಂಸ್ಥೆಯಲ್ಲಿ ಅಡಿಕೆ ಚೊಗರಿನಿಂದ, ದಾಳಿಂಬೆ ಸಿಪ್ಪೆಯಿಂದ ನೂಲಿಗೆ ಬಣ್ಣ ಕಟ್ಟುತ್ತಾರೆ. ಮೇಲುಕೋಟೆಯ ಜನಪದ ಸೇವಾ ಟ್ರಸ್ಟ್ ದಶಕಗಳಿಂದ ಖಾದಿ ನೇಯಿಸುತ್ತಿದೆ. ಪಾಲಿಯೆಸ್ಟರನ್ನು ಎಷ್ಟು ತಿದ್ದಿದರೂ ಅದು ಪ್ಲಾಸ್ಟಿಕ್ ಆಗಿಯೇ ಉಳಿಯುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

"ಮರದಿಂದ ಮಾಡಿದ್ದು" ಎಂಬ ಮಾತಿಗೆ ಮರುಳಾಗುವ ಮೊದಲು

ಈಚೆಗೆ ರೇಯಾನ್, ವಿಸ್ಕೋಸ್‌ಗಳನ್ನು ನೈಸರ್ಗಿಕ ಎಂದು ಮಾರುತ್ತಾರೆ. ಮರದ ತಿರುಳಿನಿಂದ ಮಾಡಿದ್ದು ನಿಜ, ಮಣ್ಣಲ್ಲಿ ಕೊಳೆಯುವುದೂ ನಿಜ. ಆದರೆ ಆ ತಿರುಳನ್ನು ನೂಲಾಗಿಸಲು ಕಾರ್ಬನ್ ಡೈಸಲ್ಫೈಡ್ ಎಂಬ ವಿಷ ಬೇಕು. ಮರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ನಾಡಿನ ಇತಿಹಾಸದಲ್ಲೇ ಇದೆ. ಹರಿಹರದ ಬಳಿಯ ಕಾರ್ಖಾನೆಯೊಂದಕ್ಕೆ ತಿರುಳಿನ ಮರ ಒದಗಿಸಲೆಂದು 1984ರಲ್ಲಿ ಸರ್ಕಾರವೇ ಪಾಲುದಾರನಾಗಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿತು. ಹಳ್ಳಿಗಳ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ನೆಡುವ ಯೋಜನೆ ಅದು. ದನ ಮೇಯುವ, ಸೌದೆ ಸಿಗುವ ಜಾಗ ನೂಲಿನ ಕಾರ್ಖಾನೆಗೆ ಮೇವಾಗುವುದನ್ನು ಜನ ಸಹಿಸಲಿಲ್ಲ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ "ಕಿತ್ತಿಕೋ-ಹಚ್ಚಿಕೋ" ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. ಶಿವರಾಮ ಕಾರಂತರಂಥವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಒಂದು ಬಟ್ಟೆಯ ಹಿಂದೆ ಎಷ್ಟು ನೆಲ, ಎಷ್ಟು ನೀರು ಇದೆ ಎಂದು ಕೇಳುವುದನ್ನು ಈ ನಾಡಿನ ರೈತರು ಫ್ಯಾಷನ್ ಪತ್ರಿಕೆಗಳಿಗಿಂತ ಬಹಳ ಮೊದಲೇ ಕಲಿತಿದ್ದರು.

ಬಾಟಲಿಯಿಂದ ಅಂಗಿ ಮಾಡುವ ಹೊಸ ಹುಮ್ಮಸ್ಸಿನ ಬಗ್ಗೆಯೂ ಒಂದು ಮಾತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಧನ ಸಮ್ಮೇಳನದಲ್ಲಿ ಪ್ರಧಾನಿಯವರಿಗೆ ಹಳೆ ಬಾಟಲಿಗಳಿಂದ ಮಾಡಿದ ಜಾಕೆಟ್ ಕೊಟ್ಟರು, ಅವರು ಅದನ್ನು ಸಂಸತ್ತಿಗೂ ತೊಟ್ಟು ಹೋದರು. ಬಾಟಲಿಯನ್ನು ಮತ್ತೆ ಬಾಟಲಿ ಮಾಡಬಹುದು. ಅಂಗಿಯಾದ ಮೇಲೆ, ಅದರಲ್ಲೂ ಹತ್ತಿಯ ಜೊತೆ ಬೆರೆತ ಮೇಲೆ, ಅದನ್ನು ಬೇರ್ಪಡಿಸಿ ಮರುಬಳಸುವುದು ಬಲು ಕಷ್ಟ. ಕೊನೆಗೆ ಸೇರುವುದು ಕಸದ ಗುಡ್ಡವನ್ನೇ. ಅಲ್ಲಿಯವರೆಗೆ ಒಗೆದಾಗಲೆಲ್ಲ ಎಳೆ ಉದುರಿಸುತ್ತಿರುತ್ತದೆ.

ಬಡವರ ಸೀರೆಯನ್ನು ದೂರುತ್ತಿಲ್ಲ

ಗಾರ್ಮೆಂಟ್ಸಿಗೆ ಹೋಗುವ ಅಕ್ಕ ಸಿಂಥೆಟಿಕ್ ಸೀರೆ ಉಡುವುದು ಅದು ಅಗ್ಗವೆಂದು, ರಾತ್ರಿ ಒಗೆದರೆ ಬೆಳಿಗ್ಗೆಗೆ ಒಣಗುತ್ತದೆಂದು, ಇಸ್ತ್ರಿ ಬೇಡವೆಂದು. ಮಲೆನಾಡಿನ ಆಷಾಢದಲ್ಲಿ ಹತ್ತಿಬಟ್ಟೆ ಒಣಗಿಸಿದವರಿಗೆ ಆ ಕಷ್ಟ ಗೊತ್ತು. ಅವಳಲ್ಲಿರುವ ಸೀರೆಯನ್ನು ಹರಿಯುವವರೆಗೆ ಉಡಲಿ, ಅದೇ ಸರಿ. ನಮ್ಮ ಜಗಳ ಇರುವುದು ಮದುವೆಗೊಂದು, ಆರತಕ್ಷತೆಗೊಂದು, ಫೋಟೊಗೊಂದು ಎಂದು ಕೊಂಡು ಕಪಾಟಿನಲ್ಲಿ ತುರುಕುವವರ ಜೊತೆ. ಮತ್ತು ತೆರಿಗೆ ಹಾಕುವವರ ಜೊತೆ. 2025ರ ಸೆಪ್ಟೆಂಬರ್ 22ರಿಂದ ಸಿಂಥೆಟಿಕ್ ನಾರಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ, ನೂಲಿನದು 12ರಿಂದ 5ಕ್ಕೆ ಇಳಿಯಿತು. ಕೈಮಗ್ಗದ ಬಟ್ಟೆಗೂ 5. ಪೆಟ್ರೋಲಿನ ಮಗನೂ ಮಗ್ಗದ ಮಗಳೂ ಸರ್ಕಾರದ ಕಣ್ಣಿಗೆ ಈಗ ಸರಿಸಮಾನ! ಕೈಮಗ್ಗದ ಮೇಲಿನ ತೆರಿಗೆ ಪೂರ್ತಿ ತೆಗೆಯಿರಿ ಎಂದು ಚರಕದ ಪ್ರಸನ್ನ ಅವರು 2017ರಲ್ಲೇ ಸತ್ಯಾಗ್ರಹ ಹೂಡಿದ್ದರು. ಆ ಬೇಡಿಕೆ ಇಂದಿಗೂ ನ್ಯಾಯವಾದದ್ದೇ.

ಅಂಗಡಿಯಲ್ಲಿ, ಊರಿನಲ್ಲಿ

"ಕಾಟನ್ ಫೀಲ್", "ಸಿಲ್ಕ್ ಫಿನಿಶ್", "ಆರ್ಟ್ ಸಿಲ್ಕ್" ಎಂದರೆ ಕಾಟನ್ನೂ ಅಲ್ಲ, ಸಿಲ್ಕೂ ಅಲ್ಲ. ಅನುಮಾನ ಬಂದರೆ ಅಂಚಿನ ಒಂದೆಳೆ ಬಿಡಿಸಿ ಮನೆಯ ಹೊರಗೆ ಕಡ್ಡಿ ಗೀರಿ ನೋಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆ, ಉಣ್ಣೆ ಸುಟ್ಟ ಕೂದಲಿನ ವಾಸನೆ ಕೊಡುತ್ತವೆ. ಪಾಲಿಯೆಸ್ಟರ್ ಕರಗಿ ಮುದುಡಿ ಗಟ್ಟಿ ಮಣಿಯಾಗುತ್ತದೆ. ಆ ಮಣಿ ಬಿಸಿಯಿರುವಾಗ ಮುಟ್ಟಬೇಡಿ. ಖಾದಿ ಭಂಡಾರದಲ್ಲೂ ಎಚ್ಚರ ಇರಲಿ, ಅಲ್ಲಿ ಮಾರುವ ಪಾಲಿವಸ್ತ್ರದಲ್ಲಿ ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್. ದಿನಸಿ ಅಂಗಡಿಯವರು "ಬಟ್ಟೆ ಬ್ಯಾಗು" ಎಂದು ಕೊಡುವ ಬಣ್ಣಬಣ್ಣದ ನಾನ್-ವೋವನ್ ಚೀಲವೂ ಪಾಲಿಪ್ರಾಪಿಲೀನ್ ಎಂಬ ಪ್ಲಾಸ್ಟಿಕ್ಕೇ.

ಸರ್ಕಾರಕ್ಕೆ ನಮ್ಮ ಬೇಡಿಕೆ: ಪ್ರತಿ ಸೀರೆ, ಅಂಗಿ, ಶಾಲಿನ ಮೇಲೆ ಯಾವ ನೂಲು ಎಷ್ಟು ಪಾಲು ಎಂದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯುವುದು ಕಡ್ಡಾಯವಾಗಲಿ. ಸರ್ಕಾರದ ಹಣದಲ್ಲಿ ಕೊಳ್ಳುವ ಶಾಲಾ ಸಮವಸ್ತ್ರ, ಆಸ್ಪತ್ರೆಯ ಹಾಸು, ಸನ್ಮಾನದ ಶಾಲು, ಇವಿಷ್ಟಾದರೂ ಹತ್ತಿಯವಾಗಲಿ, ರಾಜ್ಯದ ಮಗ್ಗಗಳಿಂದ ಬರಲಿ. ಮಳೆಯಾಶ್ರಿತ ದೇಸಿ ಹತ್ತಿ ಬಿತ್ತುವ ರೈತನಿಗೆ ಬೀಜವೂ ಬೆಲೆಯೂ ಖಾತ್ರಿಯಾಗಲಿ. ಪ್ಲಾಸ್ಟಿಕ್ ಬಾವುಟದ ನಿಷೇಧ ಪಾಲಿಯೆಸ್ಟರ್ ಬಾವುಟಕ್ಕೂ ಅನ್ವಯಿಸಲಿ.

ಕೊನೆಯದಕ್ಕೆ ಸರ್ಕಾರದ ಆದೇಶವನ್ನೇ ಕಾಯಬೇಕಿಲ್ಲ. ನಿಮ್ಮೂರ ಪಂಚಾಯಿತಿ, ಶಾಲೆ, ಸಹಕಾರಿ ಸಂಘಗಳು ಆಗಸ್ಟ್ 15ಕ್ಕೆ ಬಾವುಟ ಎಲ್ಲಿಂದ ತರಿಸುತ್ತವೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಬೆಂಗೇರಿಯಿಂದ ಖಾದಿ ಬಾವುಟ ತರಿಸಬೇಕೆಂದು ಠರಾವು ಬರೆಸಿ. ಕೈಯಲ್ಲಿ ತಯಾರಾಗುವ ಬಾವುಟ ಹಿಂದಿನ ದಿನ ಹೇಳಿದರೆ ಸಿಗುವುದಿಲ್ಲ, ಜೂನ್‌ನಲ್ಲೇ ಆರ್ಡರ್ ಹೋಗಲಿ.