ಊಟದ ಮೇಜಿನ ಮೇಲಿನ ಕಪ್ಪು ಬಿಯರ್

ಮದ್ಯನೀತಿಯ ಚರ್ಚೆ ನಮ್ಮಲ್ಲಿ ಪಾನನಿಷೇಧ ಮತ್ತು ಬೊಕ್ಕಸದ ವರಮಾನ ಎಂಬ ಎರಡು ಧ್ರುವಗಳ ನಡುವೆಯೇ ತೂಗಾಡುತ್ತದೆ. ಜನ ಯಾವುದರ ಜೊತೆ, ಹೇಗೆ ಕುಡಿಯುತ್ತಾರೆಂಬ ಪ್ರಶ್ನೆ ಏಳುವುದು ಅಪರೂಪ. ಬೆಲ್ಜಿಯಂನ ಅನುಭವ ಈ ದೃಷ್ಟಿಯಿಂದ ಗಮನಾರ್ಹ.

ಅಲ್ಲಿ ಸಮಾಜವಾದಿ ನಾಯಕ ಎಮಿಲ್ ವಾಂಡರ್‌ವೆಲ್ಡೆ 1919ರಲ್ಲಿ ತಂದ ಕಾಯ್ದೆ, ಪಾನಗೃಹಗಳಲ್ಲಿ ಜಿನ್‌ನಂತಹ ಭಟ್ಟಿ ಮದ್ಯಗಳನ್ನು ನಿಷೇಧಿಸಿತು. ಬೇಡಿಕೆ ಕಾಯ್ದೆಗೆ ಮಣಿಯಲಿಲ್ಲ; ಅರ್ಥಶಾಸ್ತ್ರ ಓದಿದವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ತೆರವನ್ನು ಪ್ರಬಲ ಏಲ್‌ಗಳು ತುಂಬಿದವು. 1983ರಲ್ಲಿ ಕಾಯ್ದೆ ರದ್ದಾದರೂ ಅವು ಉಳಿದವು.

ಸನ್ಯಾಸಿಗಳ ಮಠದಲ್ಲಿ ತಯಾರಾಗುವ ರೋಶ್‌ಫೋರ್ 10 ಎಂಬ ಕಂದುಗಪ್ಪು ಏಲ್‌ನಲ್ಲಿ ಮದ್ಯಸಾರ ಶೇ 11.3. ಅಂದರೆ ಸಾಧಾರಣ ಬಿಯರ್‌ಗಿಂತ ಎರಡು ಪಟ್ಟಿಗೂ ಹೆಚ್ಚು. ಇದನ್ನು ನಿರಪಾಯಕಾರಿ ಎನ್ನಲಾಗದು. ಒಣದ್ರಾಕ್ಷಿ, ಅಂಜೂರ, ಸುಟ್ಟ ಸಕ್ಕರೆಯನ್ನು ನೆನಪಿಸುವ ರುಚಿ ಇದರದು. ತೀರಾ ತಣ್ಣಗಾದರೆ ಆ ಪರಿಮಳ ಅಡಗಿಹೋಗುತ್ತದೆ. ಗಟಗಟನೆ ಕುಡಿದರೆ ನಾಲಗೆಗೆ ತಿಳಿಯುವುದೇ ಇಲ್ಲ. ಈರುಳ್ಳಿಯೊಡನೆ ದನದ ಮಾಂಸವನ್ನು ಬಿಯರ್‌ನಲ್ಲೇ ಗಂಟೆಗಟ್ಟಲೆ ಬೇಯಿಸಿದ ಫ್ಲೆಮಿಷ್ ಸಾರಿಗೆ ಇದು ತಕ್ಕ ಜೋಡಿ: ಎರಡರಲ್ಲೂ ಕಂದಿದ ಸಿಹಿಯಿದೆ. ಉಪ್ಪುಪ್ಪಾದ ನೀಲಿ ಚೀಸ್‌ನೊಡನೆ ಮಾತ್ರ ವೈರುಧ್ಯವೇ ಸೊಗಸು. ಶಿಮೇ ಮಠದವರಂತೂ ಬಿಯರ್ ಜೊತೆಗೆ ಚೀಸನ್ನೂ ತಯಾರಿಸುತ್ತಾರೆ.

ಹೀಗೆ ಊಟದೊಡನೆ ಗುಟುಕರಿಸಿದಾಗ 33 ಸೆಂಟಿಲೀಟರಿನ ಒಂದೇ ಬಾಟಲಿ ಊಟ ಮುಗಿಯುವವರೆಗೂ ಸಾಕಾಗುತ್ತದೆ. ನಮ್ಮ ಮದ್ಯದಂಗಡಿಯ ಮುಂದೆ ಬರಿಹೊಟ್ಟೆಯಲ್ಲಿ ನಿಂತೇ ಕುಡಿದು ಹೊರಡುವವನಿಗೆ ಈ ಲಗಾಮಿಲ್ಲ. ಪರವಾನಗಿ ನೀಡುವ ಅಬಕಾರಿ ಇಲಾಖೆ ಕುರ್ಚಿ, ಮೇಜು, ಅಡುಗೆಮನೆ ಇವೆಯೇ ಎಂಬುದನ್ನೂ ಶುಲ್ಕದಷ್ಟೇ ಗಂಭೀರವಾಗಿ ಪರಿಶೀಲಿಸಬೇಕು.